ಯಾರನ್ನು ಉಳಿಸುವುದು, ಯಾರನ್ನು ಕಳಿಸುವುದು

ನಮ್ಮ ಕಡೆಯ ಗಂಡಸರಿಗೆ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಎಂದು ಗೊತ್ತಿರದೆ ಇರಬಹುದು, ಆದರೆ ಕ್ರಿಕೆಟ್ ತಂಡದಲ್ಲಿ ಆರನೆಯವನಾಗಿ ಯಾರನ್ನು ಆಡಿಸಬೇಕೆಂದು ಖಚಿತವಾಗಿ ಗೊತ್ತಿರುತ್ತದೆ. ತಂಡ ಗೆಲ್ಲುತ್ತಿರುವಷ್ಟು ದಿನ ಈ ವಿದ್ಯೆ ಒಳಗೇ ಇರುತ್ತದೆ. ಸೋಲತೊಡಗಿತೋ, ಕ್ಷೌರದಂಗಡಿಯಿಂದ ಹಿಡಿದು ಮದುವೆ ಮನೆಯ ಊಟದ ಪಂಕ್ತಿಯವರೆಗೆ ಎಲ್ಲೆಲ್ಲೂ ಆಯ್ಕೆ ಸಮಿತಿಗಳು ಹುಟ್ಟಿಕೊಳ್ಳುತ್ತವೆ. ಒಬ್ಬೊಬ್ಬರ ಕಿಸೆಯಲ್ಲೂ ಒಂದೊಂದು ಪಟ್ಟಿ: ಇವನಿರಲಿ, ಅವನು ಹೋಗಲಿ.

ಶಿವಮೊಗ್ಗದವರಾದ ನಮಗೆ ಈ ಕೆಲಸಕ್ಕೆ ಎರಡು ತಂಡಗಳಿವೆ. ಒಂದು, ಇಡೀ ನಾಡಿನವರು ಎದೆ ಬಡಿದುಕೊಂಡ ಬೆಂಗಳೂರಿನ ಆರ್‌ಸಿಬಿ. ಇನ್ನೊಂದು, 2022ರಲ್ಲಿ ಶುರುವಾದ ಮಹಾರಾಜ ಟ್ರೋಫಿಯಲ್ಲಿ ನಮ್ಮೂರಿನ ಹೆಸರು ಹೊತ್ತ ತಂಡ. ಮೊದಲ ವರ್ಷ ಅದು ಶಿವಮೊಗ್ಗ ಸ್ಟ್ರೈಕರ್ಸ್, ಆಮೇಲೆ ಶಿವಮೊಗ್ಗ ಲಯನ್ಸ್. ಮೊದಲ ನಾಲ್ಕು ವರ್ಷ ಕಪ್ಪು ನಾಲ್ಕು ಊರಿಗೆ ಹೋಯಿತು: ಗುಲ್ಬರ್ಗ, ಹುಬ್ಬಳ್ಳಿ, ಮೈಸೂರು, ಮಂಗಳೂರು. ತುಂಗೆಯ ದಡಕ್ಕೆ ಮಾತ್ರ ಬರಲಿಲ್ಲ. 2024ರಲ್ಲಂತೂ ನಮ್ಮ ತಂಡದ ಅಭಿನವ್ ಮನೋಹರ್ 507 ರನ್ ಹೊಡೆದ, ಸಿಕ್ಸರುಗಳೇ 52. ಆದರೂ ತಂಡ ಸೆಮಿಫೈನಲ್ ಮೆಟ್ಟಿಲು ಹತ್ತಲಿಲ್ಲ. ಮರುವರ್ಷದ ಹರಾಜಿನಲ್ಲಿ ಆ ಹುಡುಗ ಹುಬ್ಬಳ್ಳಿಯ ಪಾಲಾದ. ನಮ್ಮವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನ್ನ ತವರಿನಲ್ಲಿ ಹಸು ಮಾರಿದ ದಿನವೂ ನಮ್ಮಪ್ಪ ಅಷ್ಟು ಮಂಕಾಗಿರಲಿಲ್ಲ.

ಭಾನುವಾರ ಭದ್ರಾವತಿಯಿಂದ ಅಕ್ಕ, ಭಾವ, ಅವರ ಮಗಳು ನಮ್ಮ ಮನೆಗೆ ಬರುವುದು ಬಹಳ ವರ್ಷಗಳ ರೂಢಿ. ದೂರವೇನೂ ಇಲ್ಲ, ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಊರು ಬಂದಿರುತ್ತದೆ. ಮೈದುನನೂ ಬಂದುಬಿಟ್ಟರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಜೊತೆ ತಂಡ ಕಟ್ಟುವ ಕೆಲಸ ಶುರು. ನಾನೂ ಅಕ್ಕನೂ ಒಳಗೆ ಬಜ್ಜಿ ಕರಿಯುತ್ತಾ ಕೇಳಿಸಿಕೊಂಡಿರುತ್ತೇವೆ. ಕೇಳಿ ಕೇಳಿ, ಬಾಣಲೆಯ ಮುಂದೆ ನಿಂತೇ ನಾವೂ ಅರ್ಧ ಪಂಡಿತರಾಗಿದ್ದೇವೆ.

ನಮ್ಮ ಮನೆಯಲ್ಲಿ ಮೂರು ಪಕ್ಷಗಳಿವೆ. ನಮ್ಮವರದು ಗುಡಿಸಿ ಸಾರಿಸುವ ಪಕ್ಷ. ಹಳಬರನ್ನೆಲ್ಲ ಕಳಿಸಿ ಹೊಸ ರಕ್ತ ತನ್ನಿ ಎನ್ನುವುದು ಅವರ ಮಂತ್ರ. ಮೈದುನನದು ಮಣ್ಣಿನ ಮಕ್ಕಳ ಪಕ್ಷ. ಮಹಾರಾಜ ಟ್ರೋಫಿಯಲ್ಲಿ ಪ್ರತಿ ತಂಡವೂ ತನ್ನ ವಲಯದ ಇಬ್ಬರನ್ನಾದರೂ ಸೇರಿಸಿಕೊಳ್ಳಬೇಕೆಂಬ ನಿಯಮವಿದೆಯಂತೆ. ಇಬ್ಬರೇ ಏಕೆ, ಹನ್ನೊಂದು ಜನವೂ ತೀರ್ಥಹಳ್ಳಿ, ಸಾಗರ, ಭದ್ರಾವತಿಯವರೇ ಇರಲಿ ಎನ್ನುತ್ತಾನೆ. ಭಾವನದು ಕಾಯುವ ಪಕ್ಷ. ಸೋತರೆಂದು ಯಾರನ್ನೂ ಕೈಬಿಡಬೇಡಿ, ಒಟ್ಟಿಗೆ ಆಡಲು ಸಮಯ ಕೊಡಿ ಎನ್ನುತ್ತಾರೆ.

“ಭಾವ, 2008ರದು ಮರೆತುಬಿಟ್ರಾ?” ನಮ್ಮವರು ಶುರುಮಾಡುತ್ತಾರೆ. “ದ್ರಾವಿಡ್, ಕುಂಬ್ಳೆ, ಕಾಲಿಸ್, ಜಾಫರ್, ಚಂದರಪಾಲ್. ಟೆಸ್ಟ್ ಮ್ಯಾಚಿಗೆ ಹೋಗೋರನ್ನ ಇಪ್ಪತ್ತು ಓವರಿನ ಆಟಕ್ಕೆ ಕರ್ಕೊಂಡು ಬಂದ್ರು. ಮೊದಲನೇ ದಿನವೇ ಮೆಕಲಮ್ ಒಬ್ಬನೇ 158 ಹೊಡೆದ, ನಮ್ಮವರೆಲ್ಲ ಸೇರಿ 82. ಹದಿನಾಲ್ಕು ಆಟದಲ್ಲಿ ಗೆದ್ದಿದ್ದು ನಾಲ್ಕು, ಎಂಟು ತಂಡದಲ್ಲಿ ಏಳನೇ ಸ್ಥಾನ.”

ಭಾವ ಬಜ್ಜಿಯ ತೊಟ್ಟನ್ನು ನಿಧಾನವಾಗಿ ತಟ್ಟೆಯ ಅಂಚಿಗೆ ಇಡುತ್ತಾರೆ. “ಸರಿ. ಮುಂದಿನ ವರ್ಷ ಏನಾಯ್ತು ಹೇಳಿ. ದುಡ್ಡು ಸುರಿದು ತಂದ ಪೀಟರ್ಸನ್ ಅರ್ಧದಲ್ಲಿ ತನ್ನ ದೇಶದ ಕೆಲಸಕ್ಕೆ ಹೋದ. ನಾಯಕತ್ವ ಯಾರ ಹೆಗಲಿಗೆ ಬಂತು? ಮೂವತ್ತೆಂಟು ವರ್ಷದ ಕುಂಬ್ಳೆಗೆ. ತಂಡನ ಫೈನಲ್ಲಿಗೆ ತಗೊಂಡು ಹೋದ್ರು. ಅಲ್ಲಿ ಅವರೊಬ್ಬರೇ ಹದಿನಾರು ರನ್ ಕೊಟ್ಟು ನಾಲ್ಕು ವಿಕೆಟ್ ತೆಗೆದ್ರು. ಆರು ರನ್ನಿಗೆ ಕಪ್ ತಪ್ಪಿದ್ದು.”

ಇದಕ್ಕೆ ಉತ್ತರವಿಲ್ಲದೆ ನಮ್ಮವರು ಟೀ ಕೇಳುತ್ತಾರೆ.

ತಂಡ ಕಟ್ಟುವುದೆಂದರೆ ಅದು ಸಂಸಾರದ ಲೆಕ್ಕವೇ ಅಲ್ಲವೇ ಎಂದು ನನಗೆ ಅನಿಸುವುದುಂಟು. ಹರಾಜಿನಲ್ಲಿ ಪ್ರತಿ ತಂಡಕ್ಕೂ ಇಂತಿಷ್ಟೇ ಹಣವೆಂದು ಕಟ್ಟು ಹಾಕಿರುತ್ತಾರೆ. ಅದರಲ್ಲೇ ಬ್ಯಾಟು ಹಿಡಿಯುವವರೂ ಬರಬೇಕು, ಬೌಲ್ ಮಾಡುವವರೂ ಬರಬೇಕು, ಒಬ್ಬನ ಕಾಲು ಉಳುಕಿದರೆ ಆ ಜಾಗಕ್ಕೆ ಇನ್ನೊಬ್ಬನೂ ಇರಬೇಕು. ಬಂದ ಸಂಬಳದಲ್ಲಿ ರೇಷ್ಮೆ ಸೀರೆ ಕೊಂಡು ತಿಂಗಳ ಕೊನೆಗೆ ಬೇಳೆ ಡಬ್ಬ ತಟ್ಟಿ ನೋಡುವ ಹೆಂಗಸನ್ನು ಯಾರೂ ಜಾಣೆ ಎನ್ನುವುದಿಲ್ಲ. ಆರ್‌ಸಿಬಿ ಬಹುಕಾಲ ರೇಷ್ಮೆ ಸೀರೆಯನ್ನೇ ಕೊಂಡಿತು. 2016ರಲ್ಲಿ ವಿರಾಟ್ ಕೊಹ್ಲಿ ಒಬ್ಬನೇ 973 ರನ್ ಗಳಿಸಿದರೂ ಫೈನಲ್ ಸೋತರು. ಮರುವರ್ಷ ಕೋಲ್ಕತ್ತದಲ್ಲಿ 49ಕ್ಕೆ ಆಲೌಟಾಗಿ ಪಟ್ಟಿಯ ತಳಕ್ಕೆ ಬಂದರು.

ಬೇಳೆ, ಅಕ್ಕಿಯ ನೆನಪಾದದ್ದು 2024ರ ನವೆಂಬರಿನ ಹರಾಜಿನಲ್ಲಿ. ಒಟ್ಟು 120 ಕೋಟಿಯ ಮಿತಿ. ಕೊಹ್ಲಿಯನ್ನೂ ರಜತ್ ಪಾಟೀದಾರನನ್ನೂ ಯಶ್ ದಯಾಳನನ್ನೂ ಉಳಿಸಿಕೊಂಡು, ಮ್ಯಾಕ್ಸ್‌ವೆಲ್, ಡುಪ್ಲೆಸಿ, ಸಿರಾಜರಂಥವರನ್ನು ಬಿಟ್ಟುಕೊಟ್ಟರು. ಆ ಜಾಗಕ್ಕೆ ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್ ಪಾಂಡ್ಯರನ್ನು ತಂದರು. ಆ ದಿನ ನಮ್ಮ ಮನೆಯ ಮೂರೂ ಪಕ್ಷಗಳು ಒಂದಾಗಿ ಬೈದವು. ಒಬ್ಬ ದೊಡ್ಡ ಹೆಸರಿನವನನ್ನಾದರೂ ತರಬಾರದಿತ್ತೇ ಎಂದು ನಮ್ಮವರು, ಕನ್ನಡದ ಹುಡುಗರೆಲ್ಲಿ ಎಂದು ಮೈದುನ, ಸಿರಾಜನನ್ನು ಬಿಟ್ಟಿದ್ದು ಅನ್ಯಾಯ ಎಂದು ಭಾವ. 2025ರ ಜೂನ್ 3ರಂದು ಅದೇ ತಂಡ ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿ ಕಪ್ ಎತ್ತಿತು. ಫೈನಲ್ಲಿನಲ್ಲಿ ಪಂದ್ಯಶ್ರೇಷ್ಠನಾದವನು ಕೃಣಾಲ್. ಹದಿನೆಂಟು ವರ್ಷದ ಚರ್ಚೆ ಒಂದೇ ರಾತ್ರಿ ಮುಗಿಯಿತು.

ಮರುದಿನ ಬೆಂಗಳೂರಿನ ಕ್ರೀಡಾಂಗಣದ ಬಾಗಿಲಲ್ಲಿ ನೂಕುನುಗ್ಗಲಾಗಿ ಹನ್ನೊಂದು ಜನ ಸತ್ತರು. ಗೆದ್ದ ತಂಡವನ್ನು ನೋಡಲೆಂದು ಹೊರಟ ಮಕ್ಕಳು ಮನೆಗೆ ಮರಳಲಿಲ್ಲ. ಆಮೇಲೆ ಕೆಲವು ವಾರ ನಮ್ಮ ಮನೆಯಲ್ಲಿ ಯಾರೂ ಕ್ರಿಕೆಟ್ಟಿನ ಮಾತೆತ್ತಲಿಲ್ಲ.

ಭಾವ ಹಳಬರ ಪರ ವಾದಿಸುವುದಕ್ಕೆ ಒಂದು ಕಾರಣವಿದೆ. ಅವರು ಹೊರ ಊರಿನ ಗಿರಣಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಐವತ್ತೆರಡರಲ್ಲಿ ಸ್ವಯಂನಿವೃತ್ತಿ ಎಂಬ ಕಾಗದಕ್ಕೆ ಸಹಿ ಹಾಕಿ ಊರಿಗೆ ಮರಳಿದರು. “ಅದರಲ್ಲಿ ‘ಸ್ವಯಂ’ ಅನ್ನೋದು ಎಲ್ಲಿತ್ತೋ ನನಗಂತೂ ಕಾಣಲಿಲ್ಲ” ಎಂದು ಒಮ್ಮೆ ನಗುತ್ತಲೇ ಹೇಳಿದ್ದರು. ಹಳಬರನ್ನು ಕಳಿಸಿ ಎಂದು ನಮ್ಮವರು ಉತ್ಸಾಹದಿಂದ ಕೈ ಬೀಸುವಾಗೆಲ್ಲ ಅಕ್ಕ ಬಾಣಲೆಯಿಂದ ತಲೆಯೆತ್ತಿ ಭಾವನ ಮುಖ ನೋಡುತ್ತಾಳೆ. “ಹಳಬ ಹೋದ್ರೆ ಅವನೊಬ್ಬನೇ ಹೋಗಲ್ಲ ಮಾರಾಯ್ರೆ” ಎಂದು ಭಾವ ಒಮ್ಮೆ ಹೇಳಿದರು. “ಯಾವ ಮೆಷಿನ್ನು ಯಾವ ಹೊತ್ತಿಗೆ ಕೆಮ್ಮುತ್ತೆ ಅನ್ನೋ ತಿಳಿವಳಿಕೆನೂ ಅವನ ಜೊತೆ ಹೋಗುತ್ತೆ. ಹೊಸಬನಿಗೆ ಅದನ್ನ ಹೇಳಿಕೊಡೋಕೆ ಯಾರಾದ್ರೂ ಉಳಿದಿರಬೇಕಲ್ಲ?” ಆ ದಿನ ನಮ್ಮವರು ವಾದಿಸಲಿಲ್ಲ.

ಮಹಾರಾಜ ಟ್ರೋಫಿ ಮುಗಿದ ಮೇಲೆ, 2025ರ ಸೆಪ್ಟೆಂಬರಿನ ಒಂದು ಭಾನುವಾರ, ಮತ್ತೆ ಪಟ್ಟಿಗಳು ಹೊರಬಂದವು. ಶಿವಮೊಗ್ಗ ತಂಡವನ್ನು ಬುಡದಿಂದ ಕಟ್ಟಬೇಕೆಂದು ಮೂವರೂ ಒಪ್ಪಿದರು. ಹೇಗೆಂಬುದರಲ್ಲಿ ಮಾತ್ರ ಒಪ್ಪಲಿಲ್ಲ. ಬಾಗಿಲ ಬಳಿ ಕೂತು ಕಾಲುಂಗುಷ್ಠದಿಂದ ನೆಲ ಕೆರೆಯುತ್ತಿದ್ದ ಅಕ್ಕನ ಮಗಳು ಇದ್ದಕ್ಕಿದ್ದಂತೆ ಬಾಯಿ ತೆರೆದಳು.

“ಹೆಣ್ಣುಮಕ್ಕಳ ಆರ್‌ಸಿಬಿ ಹೇಗೆ ಕಟ್ಟಿದ್ರು ಅಂತ ನೀವ್ಯಾರೂ ನೋಡೇ ಇಲ್ಲ ಚಿಕ್ಕಪ್ಪ.”

ಮೂವರೂ ತಿರುಗಿ ನೋಡಿದರು. ಹುಡುಗಿ ಪಾಠ ಒಪ್ಪಿಸುವವಳಂತೆ ಹೇಳಿದಳು. 2023ರಲ್ಲಿ ಮೊದಲ ಐದು ಆಟವೂ ಸೋತರು. ಎಂಟರಲ್ಲಿ ಗೆದ್ದದ್ದು ಎರಡೇ. ಸ್ಮೃತಿ ಮಂಧಾನಾಗೆ 3.4 ಕೋಟಿ ಕೊಟ್ಟಿದ್ದು ದಂಡ ಎಂದು ಎಲ್ಲರೂ ಆಡಿಕೊಂಡರು. ಆದರೂ ಅವಳೇ ನಾಯಕಿಯಾಗಿ ಉಳಿದಳು. ಎಲಿಸ್ ಪೆರಿ, ರಿಚಾ ಘೋಷ್, ನಮ್ಮ ಶ್ರೇಯಾಂಕಾ ಪಾಟೀಲ್, ಆಶಾ ಶೋಭನಾ ಎಲ್ಲರೂ ಉಳಿದರು. ಸುತ್ತ ಕೊರತೆಯಿದ್ದ ಕಡೆ ಮಾತ್ರ ಸೋಫಿ ಮಾಲಿನೆ, ಜಾರ್ಜಿಯಾ ವೇರ್‌ಹಾಮ್, ನಮ್ಮ ಶುಭಾ ಸತೀಶ್ ಬಂದರು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಫೈನಲ್. ದೆಹಲಿ ತಂಡ ವಿಕೆಟ್ ಬೀಳದೆ 64 ರನ್ ಮಾಡಿತ್ತು. ಮಾಲಿನೆ ಒಂದೇ ಓವರಿನಲ್ಲಿ ಮೂವರನ್ನು ಕಳಿಸಿದಳು, ಶ್ರೇಯಾಂಕಾ ನಾಲ್ಕು ವಿಕೆಟ್ ತೆಗೆದಳು, 113ಕ್ಕೆ ಎಲ್ಲ ಮುಗಿಯಿತು. “ಆರ್‌ಸಿಬಿಗೆ ಮೊದಲ ಕಪ್ ತಂದಿದ್ದು ಹುಡುಗೀರು. ಗಂಡಸರಿಗಿಂತ ಒಂದು ವರ್ಷ ಮುಂಚೆ.”

“ಅದೇ ನಾನು ಹೇಳೋದು!” ಭಾವ ತೊಡೆ ತಟ್ಟಿದರು. “ಸೋತ ವರ್ಷನೇ ಕೈಬಿಟ್ಟಿದ್ರೆ ಗೆಲ್ತಿದ್ರಾ? ಮಕ್ಕಳಿಗೆ ಸಮಯ ಕೊಡಬೇಕು.”

ಹುಡುಗಿ ಎದ್ದು ಒಳಗೆ ಹೋದಳು.

ಭಾವನಿಗೆ ಅರ್ಥವಾಗಲಿಲ್ಲ. ಅಡುಗೆಮನೆಯಲ್ಲಿದ್ದ ನಮಗೆ ಅರ್ಥವಾಯಿತು. ಈ ಹುಡುಗಿ ಎಂಟನೆಯ ತರಗತಿಯಿಂದ ಸ್ಪಿನ್ ಬೌಲಿಂಗ್ ಮಾಡುತ್ತಾಳೆ. ಹುಡುಗಿಯರ ತಂಡದ ಆಯ್ಕೆಗೆ ಎರಡು ವರ್ಷ ಹೋಗಿ ಎರಡು ಬಾರಿಯೂ ಹೆಸರು ಬಾರದೆ ಮರಳಿದ್ದಳು. ಹಿಂದಿನ ವಾರವಷ್ಟೇ ಭಾವ ತೀರ್ಮಾನ ಹೇಳಿಯಾಗಿತ್ತು: ಇನ್ನು ಸಾಕು, ಪಿಯುಸಿ ಓದು ನೋಡಿಕೊಳ್ಳಲಿ. ನಮ್ಮವರೂ ಫೋನಿನಲ್ಲಿ ಹೌದು ಹೌದೆಂದಿದ್ದರು. ಊರ ಹುಡುಗರಿಗೆ ಅವಕಾಶ ಕೊಡಿ ಎನ್ನುವ ಮೈದುನನೂ ತುಟಿ ಬಿಚ್ಚಿರಲಿಲ್ಲ. ಊರ ಹುಡುಗರು ಎಂದರೆ ಹುಡುಗರೇ ಎಂದು ಅವನೂ ತಿಳಿದಿದ್ದನೋ ಏನೋ.

ನಾನು ಬಜ್ಜಿಯ ತಟ್ಟೆ ಹಿಡಿದು ಹೊರಗೆ ಬಂದೆ. “ಭಾವ, ನಿಮ್ಮ ಭದ್ರಾವತಿಯಲ್ಲೇ ಹುಟ್ಟಿದ ವಿಶ್ವನಾಥ್ ಮೊದಲ ಟೆಸ್ಟಿನಲ್ಲಿ ಎಷ್ಟು ಹೊಡೆದ್ರು?” ಎಂದು ಕೇಳಿದೆ. ಈ ಪ್ರಶ್ನೆಗೆ ಭದ್ರಾವತಿಯ ಯಾವ ಗಂಡಸೂ ಯೋಚಿಸಬೇಕಾಗಿಲ್ಲ. “1969, ಕಾನ್ಪುರ, ಆಸ್ಟ್ರೇಲಿಯಾ ಮೇಲೆ 137” ಎಂದರು ಭಾವ.

“ಅದು ಎರಡನೇ ಇನ್ನಿಂಗ್ಸ್. ಮೊದಲನೇದರಲ್ಲಿ?”

“ಸೊನ್ನೆ” ಎಂದವರು ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ ತಟ್ಟೆ ನೋಡುತ್ತಲೇ ಹೇಳಿದರು: “ನನಗೆ ಆಟದ ಮೇಲೆ ಸಿಟ್ಟಿಲ್ಲಮ್ಮ. ಸಂಜೆ ಏಳಕ್ಕೆ ಅವಳು ಒಬ್ಬಳೇ ಬಸ್ ಸ್ಟ್ಯಾಂಡಿನಲ್ಲಿ ನಿಂತಿರ್ತಾಳೆ. ಜೂನ್ ತಿಂಗಳಿಂದ ನನಗೆ ಗುಂಪು ಕಂಡ್ರೇ ಎದೆ ಡವಡವ ಅನ್ನುತ್ತೆ. ಕೋಚಿಂಗ್ ಫೀಸು, ಶೂ, ಕಿಟ್ಟು, ಇರೋ ಗಂಟು ಎಷ್ಟು ದಿನ ಬರುತ್ತೆ?”

ಅವರ ಹೆದರಿಕೆ ಸುಳ್ಳಲ್ಲ. ಹೆಣ್ಣುಮಕ್ಕಳ ತಂದೆತಾಯಿಗೆ ಅದು ಗೊತ್ತೇ ಇರುತ್ತದೆ. ಇದೇ ರೈಲುಹಾದಿಯ ಕಡೂರಿನಿಂದ ಹೊರಟು 2017ರಲ್ಲಿ ಲಾರ್ಡ್ಸ್ ಮೈದಾನದ ವಿಶ್ವಕಪ್ ಫೈನಲ್ ಆಡಿದ ವೇದಾ ಕೃಷ್ಣಮೂರ್ತಿಯ ಮನೆಯವರಿಗೂ ಇಂಥ ಸಂಜೆಗಳು ಇದ್ದೇ ಇದ್ದವು. ಭಾವ ಕೇಳುತ್ತಿದ್ದುದಾದರೋ ಬಸ್ಸಿನ ಸಮಯ ಮತ್ತು ಫೀಸಿನ ಲೆಕ್ಕ. ಅದಕ್ಕೆ ವೇದಾಳ ಕಥೆ ಉತ್ತರವಾಗುವುದಿಲ್ಲ.

ಉತ್ತರ ಕೊಟ್ಟವಳು ಅಕ್ಕ. ಸೆರಗಿಗೆ ಕೈ ಒರೆಸುತ್ತಾ ಬಂದವಳು ಯಾರ ಅನುಮತಿಯನ್ನೂ ಕೇಳಲಿಲ್ಲ. “ಇನ್ನೊಂದು ವರ್ಷ ಅಂತ ಇಟ್ಕೊಳ್ಳೋಣ. ಕೋಚಿಂಗ್ ಇರೋ ಮೂರು ದಿನ ಅವಳು ಇಲ್ಲೇ ಚಿಕ್ಕಮ್ಮನ ಮನೇಲಿ ಮಲಗಲಿ. ನನ್ನ ಹೊಲಿಗೆ ದುಡ್ಡಲ್ಲಿ ಫೀಸು ಕಟ್ತೀನಿ. ಮಾರ್ಕ್ಸ್ ಕಡಿಮೆಯಾದ್ರೆ ಆಗ ಕೂತು ಮಾತಾಡೋಣ.” ಆಮೇಲೆ ನಮ್ಮವರ ಕಡೆ ತಿರುಗಿ, “ಮೈದಾನದಿಂದ ಕರ್ಕೊಂಡು ಬರೋ ಕೆಲಸ ನಿಮ್ಮದು. ಹೊಸ ರಕ್ತ, ಹೊಸ ರಕ್ತ ಅಂತಿರ್ತೀರಲ್ಲ” ಎಂದಳು.

ಅತ್ತೆಯವರು ಜಪಮಾಲೆ ತಿರುಗಿಸುವುದನ್ನು ನಿಲ್ಲಿಸಿ, “ಅವಳಿಗೆ ನನ್ನ ಕೋಣೇಲೇ ಹಾಸಿಗೆ ಹಾಕು” ಎಂದರು. ಮೈದುನ ತನ್ನ ಹಳೆಯ ಕಿಟ್ ಬ್ಯಾಗು ಅಟ್ಟದ ಮೇಲಿದೆ, ಇಳಿಸಿಕೊಡುತ್ತೇನೆ ಎಂದ. ಭಾವ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮಂಗಳವಾರ ಸಂಜೆ ಮಗಳನ್ನು ಬಿಡಲು ಅವರೇ ಬಂದರು. ಕೈಯಲ್ಲಿ ಹೊಸ ಶೂಗಳ ಪೆಟ್ಟಿಗೆಯಿತ್ತು.

ಹುಡುಗಿ ಆಯ್ಕೆಯಾಗುತ್ತಾಳೋ ಇಲ್ಲವೋ ಗೊತ್ತಿಲ್ಲ. ವಾರಕ್ಕೆ ಮೂರು ರಾತ್ರಿ ನಮ್ಮ ಮನೆಯಲ್ಲಿ ಒಂದು ಹಿಡಿ ಅಕ್ಕಿ ಹೆಚ್ಚು ಬೇಯುತ್ತದೆ. ಏಳು ಗಂಟೆಗೆ ಸೀರಿಯಲ್ ಬಿಟ್ಟು ಏಳದಿದ್ದ ನಮ್ಮವರು ಆರೂವರೆಗೇ ಸ್ಕೂಟರಿನ ಕೀಲಿಗೆ ತಡಕಾಡುತ್ತಾರೆ. ಯಾರನ್ನೂ ಕಳಿಸದೆ, ಇರುವವರನ್ನೇ ಒಂದಿಷ್ಟು ಅತ್ತಿತ್ತ ಸರಿಸಿ ನಮ್ಮ ಮನೆಯ ತಂಡ ಕಟ್ಟಿಕೊಂಡಿದ್ದೇವೆ. ಮೊನ್ನೆ ಮೈದಾನದಿಂದ ಬಂದವರೇ ನಮ್ಮವರು ಚಪ್ಪಲಿ ಬಿಡುವ ಮೊದಲೇ ಹೇಳಿದರು: “ಇವತ್ತು ಅವಳು ಹುಡುಗನೊಬ್ಬನ ಮಧ್ಯದ ಸ್ಟಂಪೇ ಎಬ್ಬಿಸಿದಳು ಕಣೇ.” ಊಟಕ್ಕೆ ಕೂತಾಗ ಅದನ್ನೇ ಇನ್ನೊಮ್ಮೆ ಹೇಳಿದರು. ಆ ರಾತ್ರಿ ಶಿವಮೊಗ್ಗ ಲಯನ್ಸಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ.