ಮೂರು ಮೇಣದಬತ್ತಿ ಹಚ್ಚಿ ನೋಡಿ

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನಕ್ಕೆ ಇರುವವರು ಇಬ್ಬರು: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ ಪಿಸಿಎಂ ಮೇಷ್ಟ್ರು ಮತ್ತು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ ಸಿಬಿಝಡ್ ಮೇಷ್ಟ್ರು. ಒಂದು ಹುದ್ದೆ ಖಾಲಿ ಬಿದ್ದರೆ ಸಸ್ಯಶಾಸ್ತ್ರ ಓದಿ ಬಂದವರೇ ಓಮನ ನಿಯಮವನ್ನೂ ಹೇಳಬೇಕು. ಸಂಶಯ ಬಂದರೆ ಕೇಳಲು ಅಕ್ಕಪಕ್ಕ ಯಾರೂ ಇಲ್ಲ. ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಯಾವಾಗಲೋ ಒಮ್ಮೆ ನಡೆಯುವ ತರಬೇತಿಯಲ್ಲಿ ಎದ್ದು ನಿಂತು "ಇದು ನನಗೆ ಗೊತ್ತಿಲ್ಲ" ಎನ್ನಲು ಬಹಳ ಧೈರ್ಯ ಬೇಕಿತ್ತು. ವಾಟ್ಸಾಪ್ ಬರುವ ಮುಂಚೆ ಯಾರನ್ನು ಕೇಳುತ್ತಿದ್ದಿರಿ ಎಂಬ ಹೊಸ ಶಿಕ್ಷಕಿಯರ ಪ್ರಶ್ನೆಗೆ ಹಳಬರು ಕೊಡುವ ಉತ್ತರ ಒಂದೇ: ಎಸ್‌ಟಿಎಫ್.

2011ರ ಸುಮಾರಿಗೆ ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ, ಮಾಧ್ಯಮಿಕ ಶಿಕ್ಷಣ ಯೋಜನೆ ಆರ್‌ಎಂಎಸ್‌ಎ ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಆರಂಭಿಸಿದ ವಿಷಯ ಶಿಕ್ಷಕರ ವೇದಿಕೆ ಅದು. ಕಂಪ್ಯೂಟರ್ ಮುಟ್ಟದವರಿಗೂ ಮೇಲ್ ಐಡಿ ಆಯಿತು. ಒಂದು ವಿಳಾಸಕ್ಕೆ ಬರೆದರೆ ಬೀದರ್‌ನಿಂದ ಚಾಮರಾಜನಗರದವರೆಗೆ ವೇದಿಕೆ ಸೇರಿದ ಗಣಿತ, ವಿಜ್ಞಾನದ ಮೇಷ್ಟ್ರುಗಳಿಗೆಲ್ಲ ತಲುಪುತ್ತಿತ್ತು. ನುಡಿ ತಂತ್ರಾಂಶದಲ್ಲಿ ಟೈಪಿಸಿದ ಕನ್ನಡ ಇನ್ನೊಬ್ಬರ ಯಂತ್ರದಲ್ಲಿ ಅರ್ಥವಾಗದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತಿದ್ದ ಕಾಲ. ಯೂನಿಕೋಡ್ ಕಲಿಯುವುದೇ ಮೊದಲ ಪಾಠವಾಗಿತ್ತು.

ಹಳಬರು ಇಂದಿಗೂ ಹೇಳುವುದು ಮೇಣದಬತ್ತಿಯ ಪ್ರಶ್ನೆಯನ್ನು. ತಟ್ಟೆಯ ನೀರಿನಲ್ಲಿ ಉರಿಯುವ ಬತ್ತಿಯ ಮೇಲೆ ಲೋಟ ಕವುಚಿದರೆ ದೀಪ ಆರಿ ನೀರು ಮೇಲೇರುತ್ತದೆ. ಗಾಳಿಯ ಐದನೇ ಒಂದು ಪಾಲು ಆಮ್ಲಜನಕ, ಅದು ಖಾಲಿಯಾಗಿದ್ದಕ್ಕೇ ಹೀಗೆ ಎಂದು ತಲೆಮಾರುಗಟ್ಟಲೆ ಪಾಠ ನಡೆದಿತ್ತು. ಹಾಗಿದ್ದರೆ ಉರಿಯುವಾಗಲೇ ಏರದೆ ಆರಿದ ಮೇಲೇ ನೀರು ಸರ್ರನೆ ಏರುವುದೇಕೆ, ಎಂದಿತು ಒಂದು ಮಗು. ಪ್ರಶ್ನೆ ರಾತ್ರಿ ಮೇಲ್‌ಗೆ ಹೋಯಿತು. ಎಂದೂ ಮುಖ ನೋಡದ ಹಿರಿಯ ಸಿಬಿಝಡ್ ಮೇಷ್ಟ್ರೊಬ್ಬರು ಉತ್ತರ ಹೇಳಿಬಿಡಲಿಲ್ಲ. ಮೂರು ಬತ್ತಿ ಹಚ್ಚಿ ನೋಡಿ ಎಂದರು. ಬೆಳಿಗ್ಗೆ ಪ್ರಯೋಗಾಲಯದ ಬೀರು ತೆರೆದಾಗ ಸ್ಪಿರಿಟ್ಟು, ತುಕ್ಕಿನ ವಾಸನೆ. ಮೂರು ಬತ್ತಿಗೆ ನೀರು ಇನ್ನೂ ಮೇಲೇರಿತು, ಲೋಟದೊಳಗಿನ ಆಮ್ಲಜನಕವೇನೂ ಹೆಚ್ಚಿರಲಿಲ್ಲ. ಕಾದ ಗಾಳಿ ಹಿಗ್ಗಿ ಅಂಚಿನಿಂದ ಗುಳ್ಳೆಯಾಗಿ ಹೊರಬೀಳುತ್ತದೆ. ಉಳಿದದ್ದು ತಣಿದು ಕುಗ್ಗಿದಾಗ ನೀರು ಒಳನುಗ್ಗುತ್ತದೆ.

ಎಲ್ಲರೂ ಹೀಗೆ ಬರೆಯುತ್ತಿದ್ದರೆಂದರೆ ಸುಳ್ಳಾದೀತು. ಬರೆಯುವವರು ಕೆಲವರೇ, ಸುಮ್ಮನೆ ಓದುವವರೇ ಬಹಳ. ವರ್ಗಾವಣೆ, ವೇತನದ ಮಾತೂ ನಡುವೆ ನುಸುಳುತ್ತಿತ್ತು. ಆದರೂ ತಿಂಗಳ ಹಿಂದಿನ ಪ್ರಶ್ನೆ ಹುಡುಕಿದರೆ ಸಿಗುತ್ತಿತ್ತು. ಒಳ್ಳೆಯ ಸಾಮಗ್ರಿ ಎಲ್ಲರಿಗೂ ತೆರೆದ ಕೋಯರ್ ಜಾಲತಾಣ ಸೇರುತ್ತಿತ್ತು.

ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು, ತಾಲ್ಲೂಕಿಗೊಂದು ವಾಟ್ಸಾಪ್ ಗುಂಪಾಯಿತು. ಗುಂಪಿನಲ್ಲಿ ಅಧಿಕಾರಿಗಳೂ ಇದ್ದಾರೆ. ಶುಭೋದಯ, ಪ್ರಶ್ನೆಪತ್ರಿಕೆಯ ಪಿಡಿಎಫ್, ಸಂಜೆಯೊಳಗೆ ವರದಿ ಕಳಿಸಿ ಎಂಬ ಆದೇಶ. ಮೇಲಿನವರು ನೋಡುವ ಜಾಗದಲ್ಲಿ ತನಗೆ ಗೊತ್ತಿಲ್ಲವೆಂದು ಯಾವ ಮೇಷ್ಟ್ರು ಬರೆದಾರು? ಹಳೆಯ ತರಬೇತಿಗಳಲ್ಲಿ ಸ್ನೇಹಿತರಾದ ಹತ್ತು ಹದಿನೈದು ಜನ ತಮ್ಮಷ್ಟಕ್ಕೆ ಮಾಡಿಕೊಂಡ ಪುಟ್ಟ ಗುಂಪುಗಳಲ್ಲಿ ಮಾತ್ರ ರಾತ್ರಿ ಊಟವಾದ ಮೇಲೆ ಒಂದು ಕಪ್ಪುಹಲಗೆಯ ಚಿತ್ರ ಬರುತ್ತದೆ, ಕೆಳಗೆ ಒಂದು ಪ್ರಶ್ನೆಚಿಹ್ನೆ.