ಎರಡು ತಲೆಯ ರಾಗಿ ಪ್ರೋಟೀನು

ರಾಗಿಕಾಳಿನ ಹಲವು ಪ್ರೋಟೀನುಗಳಲ್ಲಿ ಒಂದಕ್ಕೆ ಎರಡು ಕೆಲಸ. ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವವನ್ನೂ ಪ್ರೋಟೀನು ಒಡೆಯುವ ಟ್ರಿಪ್ಸಿನ್ ಕಿಣ್ವವನ್ನೂ ಅದು ತಡೆದು ನಿಲ್ಲಿಸುತ್ತದೆ. ಕಾಳು ತಿನ್ನುವ ಹುಳುಗಳ ಹೊಟ್ಟೆಯಲ್ಲೂ ಅಮೈಲೇಸ್ ಉಂಟು; ಹಾಗಾಗಿ ಈ ಪ್ರೋಟೀನು ಕಾಳಿನ ಕಾವಲೂ ಆಗಿರಬಹುದು. ನಾಗಮಂಗಲ ತಾಲ್ಲೂಕಿನ ದೇವಲಾಪುರದಂಥ ಮಳೆ ನಂಬಿದ ಸೀಮೆಗಳಲ್ಲಿ ಬೆಳೆದ ರಾಗಿ ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಕಾಳಿನ ಸಣ್ಣ ಗಾತ್ರ, ಒಣಗು, ಗಾಳಿಯಾಡದ ಗುಣಿ ಇವೆಲ್ಲ ಅದಕ್ಕೆ ಕಾರಣ. ಕೀರ್ತಿಯನ್ನೆಲ್ಲ ಒಂದೇ ಪ್ರೋಟೀನಿಗೆ ಕಟ್ಟುವುದು ಅವಸರವಾದೀತು. ಆದರೆ ಅದನ್ನು ಕಾಳಿನಿಂದ ಬಿಡಿಸಿ ತೆಗೆದ ಕೆಲಸ ಪ್ರಯೋಗಾಲಯದ ಕಸುಬಿಗೆ ಚೆಂದದ ಮಾದರಿ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಬಿ. ಶಿವರಾಜ್ ಮತ್ತು ಟಿ. ಎನ್. ಪಟ್ಟಾಭಿರಾಮನ್ ಅದರ ವಿವರಗಳನ್ನು 1981ರಲ್ಲಿ ಪ್ರಕಟಿಸಿದರು.

ಪ್ರೋಟೀನನ್ನು ಬಿಡಿಸುವುದೆಂದರೆ ಬೇಡವಾದುದನ್ನು ಹಂತಹಂತವಾಗಿ ಕಳೆಯುವುದು. ಹಿಟ್ಟನ್ನು ತಣ್ಣನೆಯ ದ್ರಾವಣದಲ್ಲಿ ನೆನೆಸಿ, ಚರಟವನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ ತಳಕ್ಕಿಳಿಸುತ್ತಾರೆ. ತಿಳಿಗೆ ಅಮೋನಿಯಂ ಸಲ್ಫೇಟ್ ಉಪ್ಪನ್ನು ಬೆರೆಸುತ್ತ ಹೋದರೆ ಒಂದೊಂದು ಪ್ರಮಾಣದಲ್ಲಿ ಒಂದೊಂದು ಬಗೆಯ ಪ್ರೋಟೀನು ಮೊಸರುಗಟ್ಟಿ ಕೆಳಗೆ ಕೂರುತ್ತದೆ. ಆಮೇಲೆ ಮಣಿ ತುಂಬಿದ ಗಾಜಿನ ಕೊಳವೆ. ಅದರಿಂದ ಹನಿಹನಿಯಾಗಿ ಇಳಿದದ್ದು ಸಾಲು ನಳಿಕೆಗಳಲ್ಲಿ ಸೇರುತ್ತದೆ. ಪ್ರತಿ ನಳಿಕೆಯಲ್ಲೂ ಎರಡು ಲೆಕ್ಕ ನೋಡಬೇಕು: ಒಟ್ಟು ಪ್ರೋಟೀನು ಎಷ್ಟು, ಅದರಲ್ಲಿ ಕಿಣ್ವವನ್ನು ತಡೆಯುವ ಶಕ್ತಿ ಎಷ್ಟು. ಮೊದಲನೆಯದು ಇಳಿದು ಎರಡನೆಯದು ಉಳಿದರೆ ದಾರಿ ಸರಿ. ಶುದ್ಧಿ ಹೆಚ್ಚಿದಷ್ಟೂ ಕೈಗೆ ಸಿಗುವುದು ಕಡಿಮೆ. ಮೊರದಲ್ಲಿ ರಾಗಿ ಕೇರುವಾಗ ಜೊಳ್ಳಿನ ಜೊತೆ ಒಂದಿಷ್ಟು ಕಾಳೂ ಹಾರುವ ಹಾಗೆ. ಎಲ್ಲಿ ನಿಲ್ಲಿಸಬೇಕೆಂಬ ವಿವೇಚನೆಯಲ್ಲೇ ಈ ಕಸುಬಿನ ಸೊಗಸಿದೆ.

ರಾಗಿಯ ಈ ಪ್ರೋಟೀನು ಗಟ್ಟಿಗ. ಉಪ್ಪಿನ ಜೊತೆಯಲ್ಲಿ 100 ಡಿಗ್ರಿ ಶಾಖಕ್ಕೆ ಒಂದು ಗಂಟೆ ಇಟ್ಟರೂ ಕೆಡಲಿಲ್ಲ, ಹುಳಿಗೂ ಬಗ್ಗಲಿಲ್ಲ. ಮುದ್ದೆ ಉಣ್ಣುವವರು ಇದನ್ನು ಕೇಳಿ ಹುಬ್ಬೇರಿಸಬೇಕಿಲ್ಲ: ಜಠರದಲ್ಲಿರುವ ಪೆಪ್ಸಿನ್ ಕಿಣ್ವ ಅದರ ಶಕ್ತಿಯನ್ನು ಮೆಲ್ಲಗೆ ಕುಂದಿಸುತ್ತದೆಂದೂ ಅದೇ ಪ್ರಯೋಗಗಳಲ್ಲಿ ಕಂಡಿತು.

ಕಠಿಣ ಪ್ರಶ್ನೆ ಬೇರೆಯೇ ಇತ್ತು. ಎರಡು ಕೆಲಸ ಮಾಡುವುದು ಒಂದೇ ಪ್ರೋಟೀನೋ, ಬೇರೆಯಾಗದೆ ಅಂಟಿಕೊಂಡೇ ಬಂದ ಎರಡೋ? ಇದನ್ನು ಬಗೆಹರಿಸಿದ ಪ್ರಯೋಗ ಬಲು ಅಂದವಾದದ್ದು. ಸೆಫರೋಸ್ ಎಂಬ ವಸ್ತುವಿನ ಮಣಿಗಳಿಗೆ ಟ್ರಿಪ್ಸಿನ್ ಅಂಟಿಸಿ ಕೊಳವೆಗೆ ತುಂಬಿದರು. ಅದರ ಮೂಲಕ ಅಮೈಲೇಸನ್ನು ಹಾಯಿಸಿದರೆ ಅದು ನಿಲ್ಲದೆ ಹೊರಬಂತು. ಮೊದಲು ರಾಗಿ ಪ್ರೋಟೀನನ್ನು ಮಣಿಗಳ ಮೇಲೆ ಕೂರಿಸಿ ಆಮೇಲೆ ಅಮೈಲೇಸ್ ಹಾಯಿಸಿದಾಗ ಅದೂ ಅಲ್ಲೇ ಹಿಡಿದು ನಿಂತಿತು. ಅಂದರೆ ಪ್ರೋಟೀನು ಒಂದು ತಲೆಯಿಂದ ಟ್ರಿಪ್ಸಿನ್ನನ್ನು ಹಿಡಿದಿರುವಾಗಲೇ ಇನ್ನೊಂದರಿಂದ ಅಮೈಲೇಸನ್ನು ಹಿಡಿಯಬಲ್ಲದು. ಮುಂದೆ, ಅದರ ಆರ್ಜಿನೀನ್ ಎಂಬ ಅಮೈನೋ ಆಮ್ಲಗಳನ್ನು ರಾಸಾಯನಿಕದಿಂದ ಮುಚ್ಚಿದಾಗ ಟ್ರಿಪ್ಸಿನ್ ತಡೆಯುವ ಶಕ್ತಿ ಶೇಕಡಾ 85ರಷ್ಟು ಹೋಯಿತು, ಅಮೈಲೇಸ್ ತಡೆಯುವ ಶಕ್ತಿ ಕದಲಲಿಲ್ಲ. ಎರಡು ತಲೆಗಳೂ ಬೇರೆ ಬೇರೆ ಜಾಗದಲ್ಲಿವೆ ಎಂಬುದು ಖಚಿತವಾಯಿತು. ದೊಡ್ಡ ಯಂತ್ರಗಳಿಲ್ಲದೆ, ಯುಕ್ತಿಯಿಂದಲೇ ಪಡೆದ ಉತ್ತರ ಇದು.

1983ರಲ್ಲಿ ಕಾಂಪೋಸ್ ಮತ್ತು ರಿಚರ್ಡ್‌ಸನ್ ಎಂಬ ವಿಜ್ಞಾನಿಗಳು ಈ ಪ್ರೋಟೀನಿನ ಸರಪಳಿಯನ್ನು ಪೂರ್ತಿ ಓದಿದರು: 122 ಅಮೈನೋ ಆಮ್ಲಗಳು. ಐದು ಗಂಧಕದ ಬಂಧಗಳು ಅದನ್ನು ಬಿಗಿಯಾಗಿ ಕಟ್ಟಿ ಹಿಡಿದಿವೆ. 1998ರಲ್ಲಿ ಹಿಟ್ಟು ತಿನ್ನುವ ಒಂದು ಹಳದಿ ಹುಳುವಿನ ಅಮೈಲೇಸ್ ಜೊತೆ ಇದನ್ನು ಹರಳುಗಟ್ಟಿಸಿ ಎಕ್ಸ್‌-ಕಿರಣದಲ್ಲಿ ನೋಡಲಾಯಿತು. ಸರಪಳಿಯ ಮೊದಲ ತುದಿ ಕಿಣ್ವದ ಬಾಯೊಳಗೆ ತೂರಿ ದಾರಿ ಕಟ್ಟಿತ್ತು. ಟ್ರಿಪ್ಸಿನ್ ಹಿಡಿಯುವ ಜಾಗ 34ನೆಯ ಅಮೈನೋ ಆಮ್ಲದ ಬಳಿ, ಅದು ಆರ್ಜಿನೀನೇ. ಮಣಿಪಾಲದ ನಳಿಕೆಗಳು ಹೇಳಿದ್ದನ್ನು ಪರಮಾಣುಗಳ ಚಿತ್ರ ಎತ್ತಿಹಿಡಿಯಿತು.

ಪ್ರೋಟೀನಿನ ಸರಪಳಿ ಗೊತ್ತಾದರೆ ಅದನ್ನು ಬರೆಸುವ ಜೀನನ್ನು ಹಿಂದಿನಿಂದ ಹುಡುಕಬಹುದು. ಇಲ್ಲೊಂದು ತೊಡಕಿದೆ. ಡಿಎನ್‌ಎಯ ಮೂರಕ್ಷರದ ಸಂಕೇತಗಳಲ್ಲಿ ಆರ್ಜಿನೀನಿಗೆ ಆರು, ಸೆರೀನಿಗೆ ಆರು. ಮೆಥಿಯೋನೀನ್ ಮತ್ತು ಟ್ರಿಪ್ಟೊಫಾನ್ ಎರಡಕ್ಕೆ ಮಾತ್ರ ಒಂದೊಂದೇ. ಆದ್ದರಿಂದ ಜಾಣ ಹುಡುಕಾಟಗಾರ ಸರಪಳಿಯಲ್ಲಿ ಆ ಎರಡು ಇರುವ ತುಣುಕನ್ನು ಆರಿಸಿ, ಅದಕ್ಕೆ ಒಪ್ಪುವ ಕಿರು ಡಿಎನ್‌ಎಗಳನ್ನು ಕಟ್ಟಿ ಗಾಳದಂತೆ ಬಿಡುತ್ತಾನೆ. ಸಿಕ್ಕಿದ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ ಹೊಲದ ಹಂಗಿಲ್ಲದೆ ಪ್ರೋಟೀನು ತಯಾರಾಗುತ್ತದೆ. ರಾಗಿಯ ಈ ಪ್ರೋಟೀನನ್ನೂ ಹಾಗೆ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ್ದಾರೆ.

ಜೀನುಗಳನ್ನು ಕಾಣದೆಯೇ ಬೆರೆಸಿದವರೂ ಉಂಟು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ತೀರಾ ಸಣ್ಣ, ತನ್ನ ಪರಾಗವನ್ನೇ ತಾನು ಬಳಸುವ ರಾಗಿ ಹೂವಿನಲ್ಲಿ ಆ ಕೆಲಸ ಸುಲಭದ್ದಲ್ಲ.

2017ರಲ್ಲಿ ಶೈಲಜಾ ಹಿತ್ತಲಮನಿ ಮತ್ತು ಸಂಗಡಿಗರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ರಾಗಿಯ ಎಂಎಲ್-365 ತಳಿಯ ಜೀನೋಮನ್ನು, ಅಂದರೆ ಅದರ ಡಿಎನ್‌ಎ ಬರಹವನ್ನು, ಪ್ರಕಟಿಸಿದರು. ರಾಗಿಯ ಕ್ರೋಮೋಸೋಮುಗಳು 36. ಎರಡು ಮೂಲ ಹುಲ್ಲುಗಳಿಂದ ಬಂದವಾದ್ದರಿಂದ ಎಷ್ಟೋ ಜೀನುಗಳಿಗೆ ಅವಳಿಗಳುಂಟು. ಅವರು ಗುರುತಿಸಿದ ಜೀನುಗಳು 85,243. ಅವುಗಳಲ್ಲಿ ಬಹುಪಾಲಿನ ಪ್ರೋಟೀನುಗಳನ್ನು ಗಿಡದಿಂದ ಬಿಡಿಸಿ, ಏನು ಮಾಡುತ್ತವೆಂದು ನಳಿಕೆಯಲ್ಲಿ ಇನ್ನೂ ಯಾರೂ ನೋಡಿಲ್ಲ.