ಲ್ಯಾಬ್ ಡೈರಿ 7: ಅಜ್ಜಿ ನೋಡಿದ ಹಸಿರು ಶಾವಿಗೆ

ಮೊದಲ ಫೋಟೋ ನೋಡಿದ್ರಲ್ಲ? ಕಪ್ಪು ಹಿನ್ನೆಲೆ, ಉದ್ದುದ್ದ ಹಸಿರು ಎಳೆಗಳು, ಒಳಗೆ ಸಾಲಾಗಿ ನೀಲಿ ಚುಕ್ಕಿಗಳು. ಜೆ.ಪಿ. ನಗರದ ನಮ್ಮನೇಲಿ ಅಜ್ಜಿಗೆ ಇದನ್ನೇ ತೋರಿಸಿದೆ. "ಶಾವಿಗೆ ತರ ಇದೆಯಲ್ಲೇ!" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಇದ್ರಿಂದ ನನ್ ಕಾಲಿಗೆ ಬಲ ಬರುತ್ತಾ?" ಅಂತ ಕೇಳಿದ್ರು.

ಹೋದ ವರ್ಷ ಬಿದ್ದು ಸೊಂಟದ ಮೂಳೆ ಮುರೀತು. ಮಲಗಿ ಮಲಗಿ ತೊಡೆ ಸಣ್ಣಗಾಯ್ತು. ರಾಗಿಗುಡ್ಡದ ಮೆಟ್ಟಿಲು ಹತ್ತುತ್ತಿದ್ದವರು ಈಗ ವಾಕರ್ ಹಿಡಿದು ಗೇಟಿನವರೆಗೆ ಮಾತ್ರ. ನನ್ನ ಹತ್ರ ಉತ್ತರ ಇರಲಿಲ್ಲ. ಅದಕ್ಕಿಂತ ಕಷ್ಟ ಏನು ಗೊತ್ತಾ? ಆ ಫೋಟೋ ಅರ್ಧ ಸತ್ಯ.

👉 ಮೊದಲು ವಿಷಯ ಹೇಳ್ತೀನಿ. ಇವು ಇಲಿಯ ಸ್ನಾಯುಕೋಶಗಳು, ಹೆಸರು ಸಿ2ಸಿ12. ಮೂಲ ಕೋಶಗಳನ್ನು 1977ರಲ್ಲಿ ಯಾಫೆ ಮತ್ತು ಸ್ಯಾಕ್ಸೆಲ್ ವರದಿ ಮಾಡಿದ್ರು. ಅದರಿಂದ ಈ ತಳಿಯನ್ನು ಬೇರ್ಪಡಿಸಿದ್ದು ಹೆಲೆನ್ ಬ್ಲೌ ಅವರ ಲ್ಯಾಬ್. ಅವರ ಜೊತೆ ಕೆಲಸ ಮಾಡಿದ ಜ್ಯೋತ್ಸ್ನಾ ಧವನ್ ಆಮೇಲೆ ಹೈದರಾಬಾದಿನ ಸಿಸಿಎಂಬಿ ಮತ್ತು ನಮ್ಮ ಬೆಂಗಳೂರಿನ ಇನ್‌ಸ್ಟೆಮ್‌ನಲ್ಲಿ ಸ್ನಾಯುವಿನ ಕಾಂಡಕೋಶಗಳನ್ನು ಅಧ್ಯಯನ ಮಾಡಿದ್ರು.

ಸೀರಮ್ ಜಾಸ್ತಿ ಇದ್ರೆ ಈ ಕೋಶಗಳು ಹೆಚ್ಚುತ್ತಲೇ ಇರುತ್ತವೆ. ತಟ್ಟೆ ತುಂಬಿದಾಗ ಸೀರಮ್ಮನ್ನು 2%ಗೆ ಇಳಿಸ್ತೀವಿ. ಆಗ ಹೆಚ್ಚೋದನ್ನು ನಿಲ್ಲಿಸಿ, ಒಂದಕ್ಕೊಂದು ಸೇರಿ, ಹಲವು ನ್ಯೂಕ್ಲಿಯಸ್‌ಗಳ ಒಂದೇ ಉದ್ದ ಕೊಳವೆ ಆಗುತ್ತವೆ. ಐದಾರು ದಿನ ಬೇಕು.

👉 ಸೇರಿದ್ವಾ ಇಲ್ವಾ ಅಂತ ನೋಡೋಕೆ ಬಣ್ಣ. ಕೋಶಗಳನ್ನು ಫಿಕ್ಸ್ ಮಾಡಿ, ಪೊರೆಯಲ್ಲಿ ಸಣ್ಣ ತೂತು ಮಾಡಿ, ಮಯೋಸಿನ್‌ಗೆ ಅಂಟೋ ಎಂಎಫ್20 ಆಂಟಿಬಾಡಿ ಹಾಕ್ತೀವಿ. ಅದರ ಮೇಲೆ ಹೊಳೆಯೋ ಎರಡನೇ ಆಂಟಿಬಾಡಿ. ನ್ಯೂಕ್ಲಿಯಸ್‌ಗೆ ನೀಲಿ ಡ್ಯಾಪಿ. ಪಿಪೆಟ್ ಜೋರಾಗಿ ಒತ್ತಿದ್ರೆ ಕೊಳವೆಗಳು ಎದ್ದು ತೊಳೆದೇ ಹೋಗುತ್ತವೆ, ಹುಷಾರು!

ಆಮೇಲೆ ಎಣಿಕೆ. ಒಂದು ಫೀಲ್ಡಲ್ಲಿ 200 ನೀಲಿ ಚುಕ್ಕಿ ಇದ್ದು, ಅದರಲ್ಲಿ 90 ಹಸಿರು ಕೊಳವೆಗಳ ಒಳಗಿದ್ರೆ ಫ್ಯೂಷನ್ ಇಂಡೆಕ್ಸ್ 45%. ಒಂದೇ ನ್ಯೂಕ್ಲಿಯಸ್ ಇರೋ ಹಸಿರು ಕೋಶ ಲೆಕ್ಕಕ್ಕಿಲ್ಲ.

👉 ನಾನು ಮಾಡಿದ ತಪ್ಪು ಇಲ್ಲಿದೆ. ಕೋಶಗಳು ವೆಲ್‌ನ ನಡುವೆ ಗುಂಪಾಗಿದ್ವು. ಎಲ್ಲಿ ಚೆನ್ನಾಗಿ ಕಾಣ್ತೋ ಅಲ್ಲೇ ಐದು ಫೋಟೋ ತೆಗೆದು ಎಣಿಸಿದೆ. ಸೀನಿಯರ್ ಅಕ್ಕ ನೋಡಿ ಎರಡೇ ಪ್ರಶ್ನೆ ಕೇಳಿದ್ರು: "ಅಂಚಲ್ಲಿ ಏನಿದೆ? ಎರಡನೇ ಆಂಟಿಬಾಡಿ ಮಾತ್ರ ಹಾಕಿದ ವೆಲ್ ಎಲ್ಲಿ?" ನನ್ನ ಹತ್ರ ಎರಡೂ ಇರಲಿಲ್ಲ. ಹಸಿರು ನಿಜವಾಗ್ಲೂ ಮಯೋಸಿನ್ನೋ, ಸುಮ್ನೆ ಅಂಟಿಕೊಂಡ ಬಣ್ಣವೋ ಅಂತ ಹೇಳೋಕೂ ಆಗ್ಲಿಲ್ಲ.

ಮತ್ತೆ ಮೊದಲಿಂದ ಶುರು. ಈ ಸಲ ಫೀಲ್ಡ್‌ಗಳ ಜಾಗ ಮೊದಲೇ ಗೊತ್ತು ಮಾಡ್ಕೊಂಡೆ, ನೀಲಿ ಮಾತ್ರ ನೋಡಿ ಫೋಕಸ್ ಮಾಡಿದೆ, ಹಸಿರನ್ನು ಕೊನೆಗೆ ನೋಡಿದೆ. ಎರಡನೇ ಆಂಟಿಬಾಡಿ ಮಾತ್ರ ಇದ್ದ ವೆಲ್ ಕಪ್ಪಗಿತ್ತು. ಅಂದ್ರೆ ಹಸಿರು ನಿಜ. ಆದ್ರೆ ಎಣಿಕೆ? ಮೊದಲು ಬಂದಿದ್ದರ ಅರ್ಧವೂ ಇಲ್ಲ.

👉 ಕೊನೆಯ ಫೋಟೋ ಅದೇ. ಚೆನ್ನಾಗಿಲ್ಲ, ಲೈಕ್ ಕಮ್ಮಿ ಬರುತ್ತೆ ಅಂತ ಗೊತ್ತು. ಅಜ್ಜಿಗೂ ತೋರಿಸಿದೆ. "ಇದ್ರಲ್ಲಿ ಶಾವಿಗೆ ಕಮ್ಮಿ" ಅಂದ್ರು. "ಹೌದಜ್ಜಿ, ಇದೇ ನಿಜ. ಇದು ತಟ್ಟೆಯಲ್ಲಿರೋ ಇಲಿಯ ಕೋಶ. ನಿಮ್ಮ ಕಾಲಿಗೆ ಈಗ ಫಿಸಿಯೋ ಹೇಳಿಕೊಟ್ಟ ವ್ಯಾಯಾಮವೇ ಗತಿ" ಅಂದೆ. ಬೇಜಾರಾಗ್ತಾರೇನೋ ಅಂದ್ಕೊಂಡಿದ್ದೆ. "ಸರಿ, ಹಾಗಾದ್ರೆ ಎಣಿಸು" ಅಂತ ಕುರ್ಚಿ ಹಿಡಿದು ಎದ್ದು ನಿಂತ್ರು. ಎಂಟು ಸಲ. ಒಂದನ್ನೂ ಜಾಸ್ತಿ ಎಣಿಸಲಿಲ್ಲ.

ನೀವೂ ಚೆನ್ನಾಗಿರೋ ಜಾಗ ಮಾತ್ರ ಆರಿಸಿದ್ದೀರಾ, ಲ್ಯಾಬಲ್ಲೋ ಪ್ರಾಜೆಕ್ಟಲ್ಲೋ? ಕಾಮೆಂಟಲ್ಲಿ ಹೇಳಿ, ಯಾರೂ ನಗಲ್ಲ 💚

#ಲ್ಯಾಬ್‌ಡೈರಿ #ಕನ್ನಡದಲ್ಲಿವಿಜ್ಞಾನ #ಜೆಪಿನಗರ